ಎಮ್ಮೆಗೆಂದು ಬಂದ ಟೆಂಪೊದಲ್ಲಿ ನಾನು

ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದಾಗ ಬೆಳಗಿನ ಎಂಟೂ ಆಗಿರಲಿಲ್ಲ, ಆಗಲೇ ಸೀಟು ಚುರುಗುಡುತ್ತಿತ್ತು. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಇಸಿದುಕೊಂಡೆ. ಪುಕ್ಕಟೆ ಪ್ರಯಾಣವೇನೋ ಸರಿ, ಗಬ್ಬೂರಿನ ತನಕ ಯಾರದೋ ಬದನೆಕಾಯಿ ಚೀಲ ನನ್ನ ಕಾಲ ಮೇಲೆಯೇ ಕೂತಿತ್ತು. ದೇವದುರ್ಗದಲ್ಲಿ ಬಸ್ಸು ಬದಲಿಸಿ ಅರಕೇರಾಕ್ಕೆ ಹೋಗಬೇಕಿತ್ತು, ಗೆಳತಿ ಮಲ್ಲಮ್ಮನ ಮನೆಗೆ. ಹಿಂದಿನ ದಿನ ಅವಳು ಫೋನಿನಲ್ಲಿ ಅತ್ತಿದ್ದಳು. ಕಾರಣ ಒಂದು ಎಮ್ಮೆ, ಒಂದು ನೀಲಿ ಡ್ರಮ್ಮು.

ಎಮ್ಮೆಯ ಹೆಸರು ಚಂದ್ರಿ. ಮಲ್ಲಮ್ಮನ ತವರಿನಿಂದ ಕರುವಾಗಿ ಬಂದದ್ದು, ಈಗ ಅದಕ್ಕೇ ಕರು. ಬೇಸಿಗೆಯಲ್ಲಿ ಬರೀ ಒಣ ಮೇವು ತಿಂದು ಹಾಲು ಇಳಿಯಬಾರದೆಂದು ಮಲ್ಲಮ್ಮ ಅಲಸಂದಿಯ ಹಸಿ ಮೇವನ್ನು ಡ್ರಮ್ಮಿನಲ್ಲಿ ತುಳಿದು ತುಂಬಿ, ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುವ ರಸಮೇವು ಮಾಡಿದ್ದಳು. ಉಪ್ಪಿನಕಾಯಿ ಭರಣಿ ನೋಡಿದ ಹಾಗೆ ಮನೆಯವರೆಲ್ಲ ದಿನಾ ಮುಚ್ಚಳ ಎತ್ತಿ ಇಣುಕಿದರು. ಗಾಳಿ ಒಳಹೋಗಿ ಮೇವು ಕಪ್ಪು ಲೋಳೆಯಾಗಿ ಉಚ್ಚೆಯಂತೆ ನಾರಿತು. ಆ ನಾತವೇ ಪ್ರೋಟೀನ್ ಕೆಟ್ಟ ಗುರುತು. ತಡವಾಗಿ ಅಲಸಂದಿ ಬಿತ್ತಿದ್ದ ಹೊಲದ ಪಟ್ಟಿಯಿಂದ ಇನ್ನೊಂದು ಡ್ರಮ್ಮು ತುಂಬಿದ್ದಳು. ಅದೂ ಕೆಟ್ಟಿದ್ದರೆ ಚಂದ್ರಿಯನ್ನು ಮಾನ್ವಿ ಕಡೆಯ ಕಾಲುವೆ ಊರಿಗೆ, ಮಲ್ಲಮ್ಮನ ತವರಿಗೆ, ಅವಳ ತಮ್ಮ ಬಸಣ್ಣನ ಮನೆಗೆ ಕಳಿಸುವುದೆಂದು ಅತ್ತೆ ಸಂಗಮ್ಮ ತೀರ್ಮಾನಿಸಿದ್ದರು.

ಅರಕೇರಾ ತಲುಪಿದಾಗ ಸಂಗಮ್ಮನೇ ನೀರು ಕೊಟ್ಟರು. “ನನಗೇನು ಎಮ್ಮಿ ಮ್ಯಾಲ ಸಿಟ್ಟಿಲ್ಲ ಯವ್ವಾ. ಹಸದ ದನದ ಮಾರಿ ನೋಡಾಕ ನನ್ನ ಕೈಲೆ ಆಗಂಗಿಲ್ಲ” ಎಂದರು. ಅವರನ್ನು ಬಯ್ಯಲೆಂದೇ ಹೋಗಿದ್ದ ನಾನು ಇನ್ನೊಂದು ಚೊಂಬು ನೀರು ಕೇಳಿದೆ.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಮಲ್ಲಮ್ಮ ರೊಟ್ಟಿ ಮುರಿಯುತ್ತ ಹೇಳಿದಳು: “ಕಾಳಿನ ಬೆಳಿಯಾಗ ಸತ್ವ ಬಾಳ, ಸಿಹಿ ಕಮ್ಮಿ, ಅದಕ್ಕ ಲಗೂನ ಕೆಡ್ತದ ಅಂದ್ರು ದನದ ಡಾಕ್ಟರು. ಈ ಸಲ ಎಲಿ ಉದುರದಂಗ ಬಾಡಿಸೀನಿ. ಹಸಿ ಜ್ವಾಳದ ದಂಟು ಕತ್ತರಿಸಿ ಕೂಡಿಸಿ, ಬೆಲ್ಲದ ನೀರು ಚಿಮುಕಿಸೀನಿ. ಮುಚ್ಚಳ ಮುಟ್ಟಿದ್ರ ಕೈ ಮುರೀತೀನಿ ಅಂತ ಎಲ್ಲಾರಿಗೂ ಹೇಳೀನಿ.”

“ತುಳಿದವರು ಯಾರು?” ಎಂದೆ.

“ನಮ್ಮತ್ತಿ! ಡ್ರಮ್ಮಿನ್ಯಾಗ ಇಳಿದು ತುಳದಾರ.” ಇಬ್ಬರೂ ನಕ್ಕೆವು. ಸಂಗಮ್ಮ ಕೇಳಿಸದವರಂತೆ ಕೂತಿದ್ದರು.

ಮರುದಿನ ಡ್ರಮ್ಮು ತೆರೆಯುವ ಮೊದಲೇ ಮಾನ್ವಿಯಿಂದ ಡ್ರೈವರ್ ಖಾಜಾನ ಟೆಂಪೊ ಬಂದು ನಿಂತಿತು. ಬಸಣ್ಣ ಕಳಿಸಿದ್ದ. ಹಿಂದೆ ಎಮ್ಮೆಗೆಂದು ದಪ್ಪಗೆ ಹುಲ್ಲು ಹಾಸಿತ್ತು. ಅದನ್ನು ನೋಡುತ್ತಲೇ ಮಲ್ಲಮ್ಮ ಡ್ರಮ್ಮಿನತ್ತ ನಡೆದಳು; ಡ್ರಮ್ಮಿನ ಬಾಯಿಗೆ ಬಿಗಿದಿದ್ದ ಸೈಕಲ್ ಟ್ಯೂಬು ಬಿಚ್ಚಲು ನಾನೂ ಕೈ ಹಾಕಬೇಕಾಯಿತು. ಮುಚ್ಚಳ ಎತ್ತುವಾಗ ನಾನು ಮೂಗು ಹಿಡಿದುಕೊಂಡಿದ್ದೆ, ಸುಳ್ಳೇಕೆ. ಬಂದದ್ದು ಹುಳಿ ಅಂಬಲಿಯ ಘಮ. ಮೇವು ಹಳದಿ ಬೆರೆತ ಹಸಿರಿತ್ತು. ಮಲ್ಲಮ್ಮ ಅಲ್ಲೇ ಕೂತು ಅತ್ತಳು.

ಆದರೆ ಚಂದ್ರಿ ಮೂಸಿ, ಸೀನಿ, ಮುಖ ತಿರುಗಿಸಿತು.

“ಹಗ್ಗ ಬಿಚ್ಚಲೇನ್ರಿ ಅವ್ವಾ?” ಖಾಜಾ ಮೆಲ್ಲಗೆ ಕೇಳಿದ.

“ತಡಿಯಪಾ” ಎಂದರು ಸಂಗಮ್ಮ. ಒಂದು ಹಿಡಿ ರಸಮೇವನ್ನು ಜೋಳದ ಒಣ ದಂಟಿನ ಕಣಕಿಯಲ್ಲಿ ಕಲಸಿ, ಅಂಗೈಯಲ್ಲಿಟ್ಟು ಎಮ್ಮೆಯ ಮೂತಿಗೆ ಹಿಡಿದರು. “ಹೊಸ ಊಟ ಬಾಯಿಗೆ ಹತ್ತಬೇಕಲ್ಲ. ಈಕಿನೂ ಬಂದ ಹೊಸದಾಗ ನನ್ನ ಕೈ ಅಡಗಿ ಮುಟ್ಟಿರಲಿಲ್ಲ.” ಮಲ್ಲಮ್ಮ ಅಳುವುದು ಬಿಟ್ಟು ಅತ್ತೆಯನ್ನೇ ನೋಡಿದಳು. ಚಂದ್ರಿ ಮೊದಲು ಬೆರಳು ನೆಕ್ಕಿತು. ಆಮೇಲೆ ಅಂಗೈ ಖಾಲಿಯಾಯಿತು, ಆಮೇಲೆ ಬುಟ್ಟಿ.

“ಎಮ್ಮಿ ಬರಂಗಿಲ್ಲ. ಈ ಪ್ಯಾಟಿ ಅವ್ವನ್ನ ಕುಂದ್ರಿಸ್ಕೊಂಡು ಹೋಗು, ಅಲ್ಲಿಂದ ರಾಯಚೂರ ಬಸ್ ಹಿಡೀಲಿ” ಎಂದು ಸಂಗಮ್ಮ ಖಾಜಾನಿಗೆ ಹೇಳಿದರು. ಹೀಗೆ ಎಮ್ಮೆಗೆಂದು ಬಂದ ಟೆಂಪೊದಲ್ಲಿ ನಾನು ಹೊರಟೆ, ಮುಂದಿನ ಸೀಟಿನಲ್ಲಿ ಎಂಬುದಷ್ಟೇ ಸಮಾಧಾನ. ಬೋಳು ಹತ್ತಿ ಹೊಲಗಳು ಮುಗಿದು, ಮಾನ್ವಿಯ ಕಡೆ ಕಾಲುವೆ, ಭತ್ತದ ಗದ್ದೆ ಕಾಣಿಸಿದವು.

ಬಸಣ್ಣ ಬಾಗಿಲಲ್ಲೇ ನಿಂತಿದ್ದ. ಅಂಗಳದಲ್ಲಿ ಹೊಸ ಗೂಟ, ಕೊಯ್ದಿಟ್ಟ ಹಸಿ ಹುಲ್ಲು, ಅವನ ಕೈಯಲ್ಲಿ ಹೊಸ ಹಗ್ಗ. ಟೆಂಪೊದ ಹಿಂದೆ ಇಣುಕಿ ನೋಡಿ, “ಎಮ್ಮಿ ಎಲ್ಲಿ ಅಕ್ಕಾರ?” ಎಂದ. ಮಲ್ಲಮ್ಮ ಕಟ್ಟಿಕೊಟ್ಟಿದ್ದ ಒಂದು ಹಿಡಿ ರಸಮೇವನ್ನು ಬಿಚ್ಚಿ ಕೊಟ್ಟೆ. ಬಹಳ ಹೊತ್ತು ಮೂಸಿದ.

“ಚಲೋ ಆತು ಬಿಡ್ರಿ” ಎಂದ. ಮುಖ ಸಣ್ಣದಾಗಿತ್ತು. ಪಾಪ ಅನ್ನಿಸಿತು.

ನಾನು ರಾಯಚೂರಿನ ಬಸ್ಸಿಗೆ ಹೊರಟಾಗ ಅವನು ಹಗ್ಗವನ್ನು ಸುತ್ತಿ ಖಾಜಾನ ಸೀಟಿನ ಮೇಲಿಟ್ಟ.

“ಅತ್ಲಾಗ ಹೋದಾಗ ಅಕ್ಕಗ ಮುಟ್ಟಸು. ಚಂದ್ರಿಗೆ ತವರಿಂದ ಬಂದದ್ದಂತ ಹೇಳು.”