ಕಾಣೆಯಾದ ಗ್ರಾಫಿಕ್ಸ್ ಕಾರ್ಡ್ ಮತ್ತು ಕಾರ್ಕಳದ ಮಾಮ

ಕಾಪುವಿನ ನಮ್ಮ ಮನೆಯಲ್ಲಿ ಲಿನಕ್ಸ್ ಬಲ್ಲ ಅತ್ಯಂತ ಬುದ್ಧಿವಂತ ಹುಡುಗ ನಾನು. ಆ ಮನೆಯಲ್ಲಿ ಹುಡುಗನೆಂದು ಇದ್ದದ್ದು ನಾನೊಬ್ಬನೇ ಎಂಬುದನ್ನು ಕಾಲೇಜಿನಲ್ಲಿ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಂಡ ಮ್ಯಾಗಜೀನಿನ ಜೊತೆ, ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸ್‌ನ ಸಿ.ಡಿ. ಬಂದಿತ್ತು. ಅದನ್ನು ಹಾಕಿದರೆ ಕಂಪ್ಯೂಟರಿನ ಪರದೆ ನಾಲ್ಕು ಮುಖದ ಡಬ್ಬಿಯಂತೆ ಗಿರಗಿರ ತಿರುಗುತ್ತದೆಯಂತೆ. ತಿರುಗಲು, ಪರದೆಯ ಚಿತ್ರ ಮೂಡಿಸುವ ಗಟ್ಟಿಮುಟ್ಟಾದ ಗ್ರಾಫಿಕ್ಸ್ ಕಾರ್ಡ್ ಬೇಕು, ಆ ಕಾರ್ಡನ್ನು ಲಿನಕ್ಸ್ ಗುರುತಿಸಲು ಡ್ರೈವರ್ ಎಂಬ ಪ್ರೋಗ್ರಾಂ ಬೇಕು. ಕಾರ್ಡ್ ನಮ್ಮಲ್ಲಿತ್ತು. ಪಪ್ಪ ಗಲ್ಫಿನಿಂದ ಪರಿಚಯದವರ ಕೈಯಲ್ಲಿ ಕಳಿಸಿದ್ದರು. ಕಾರ್ಕಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಾಮ, ಅಂದರೆ ಮಮ್ಮಿಯ ಒಬ್ಬನೇ ತಮ್ಮ, ನಮ್ಮ ಕಂಪ್ಯೂಟರನ್ನು ಜೋಡಿಸಿಕೊಟ್ಟಿದ್ದರು.

ಡ್ರೈವರ್ ಇಳಿಸಿಕೊಳ್ಳಲು ಎರಡು ಬಸ್ ಹಿಡಿದು ಮಣಿಪಾಲದ ಸೈಬರ್ ಸೆಂಟರಿಗೆ ಹೋದೆ. ಅದು ಪೆನ್ ಡ್ರೈವಿಗೆ ಇಳಿಯುವಷ್ಟರಲ್ಲಿ ಗಲ್ಫಿಗೆ ನಡೆದುಕೊಂಡು ಹೋಗಿ ಇನ್ನೊಂದು ಕಾರ್ಡ್ ತರಬಹುದಿತ್ತು. ಮನೆಗೆ ಬಂದು ಹಾಕಿದೆ. ಈ ಯಂತ್ರದಲ್ಲಿ ಅಂಥ ಕಾರ್ಡೇ ಇಲ್ಲ ಎಂದಿತು. ಏಳು ಸಲ ಹಾಕಿದೆ, ಏಳು ಸಲವೂ ಅದೇ ಉತ್ತರ. ಎಂಟನೆಯ ಸಲ ಒತ್ತಾಯ ಮಾಡಿದ್ದಕ್ಕೆ ಪರದೆ ಪೂರ್ತಿ ಕಪ್ಪಾಗಿ, ಮೂಲೆಯಲ್ಲೊಂದು ಬಿಳಿ ಗೆರೆ ಮಾತ್ರ ಮಿಣಮಿಣ ಅನ್ನತೊಡಗಿತು.

"ಎಂತ ಮಾಡಿದಿ ಅದಕ್ಕೆ?" ಮಮ್ಮಿ ಅಡುಗೆಮನೆಯಿಂದ ಕೇಳಿದರು.

"ಇದು ಹೀಗೇ ಇರುವುದು ಮಮ್ಮಿ. ದೊಡ್ಡ ದೊಡ್ಡವರದ್ದೆಲ್ಲ ಹೀಗೇ."

ಒಳಗೆ ಏನೇನು ಉಂಟು ಎಂದು ಲಿನಕ್ಸನ್ನೇ ಕೇಳುವ ಒಂದು ಕಮಾಂಡ್ ಇದೆ. ಟೈಪ್ ಮಾಡಿದೆ. ಮದರ್‌ಬೋರ್ಡಿನಲ್ಲೇ ಹುಟ್ಟಿದ ಬಡಪಾಯಿ ಗ್ರಾಫಿಕ್ಸ್ ಚಿಪ್ಪಿನ ಹೆಸರು ಬಂತು. ಪಪ್ಪನ ಕಾರ್ಡಿನ ಸುಳಿವೇ ಇಲ್ಲ.

ಆ ಕ್ಷಣದಿಂದ ನಾನು ಪತ್ತೇದಾರನಾದೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಸ್ಕ್ರೂ ಮೇಲೆ ಮಾಮ ಒಂದು ಸ್ಟಿಕರ್ ಅಂಟಿಸಿದ್ದರು: ಹರಿದರೆ ಜವಾಬ್ದಾರಿ ನಮ್ಮದಲ್ಲ. ಯಾಕೆ? ಯಾರೂ ತೆರೆದು ನೋಡಬಾರದೆಂದು! ಹೋದ ಸಲ ಊಟಕ್ಕೆ ಬಂದಾಗ ಹೊಸ ಶೂ ಹಾಕಿದ್ದರು. ಎಲ್ಲಿಂದ? ಎಲ್ಲಕ್ಕಿಂತ ಮುಖ್ಯವಾಗಿ, ಊಟದ ನಡುವೆ ಎರಡು ಸಲ ನಮ್ಮ ಶೋಕೇಸಿನ ಕಡೆ ನೋಡಿದ್ದರು.

ಗಲ್ಫಿನಿಂದ ಬಂದ ಯಾವ ಬಾಕ್ಸನ್ನೂ ನಮ್ಮ ಮನೆಯಲ್ಲಿ ಬಿಸಾಡುವ ಕ್ರಮವಿಲ್ಲ. ಸೆಂಟಿನ ಬಾಕ್ಸ್, ಇಸ್ತ್ರಿಪೆಟ್ಟಿಗೆಯ ಬಾಕ್ಸ್, ಪಪ್ಪನ ಶೇವಿಂಗ್ ಮೆಷಿನಿನ ಬಾಕ್ಸ್, ಎಲ್ಲ ಖಾಲಿಯಾಗಿ, ಮೈಮೇಲಿನ ಪ್ಲಾಸ್ಟಿಕ್ ಸಮೇತ ಶೋಕೇಸಿನ ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು. ಬೀಗದ ಕೈ ಮಮ್ಮಿಯ ಹತ್ತಿರ. ಆ ಸಾಲಿನಲ್ಲೇ ಕಾರ್ಡಿನ ಬಾಕ್ಸೂ ಇತ್ತು. ತಾವು ನುಂಗಿದ ವಸ್ತುವಿನ ಖಾಲಿ ಬಾಕ್ಸನ್ನು ಮಾಮ ಕದ್ದು ನೋಡಿದ್ದರು. ಕೇಸು ಮುಗಿಯಿತು.

ಆದರೆ ಹೇಳುವುದು ಯಾರಿಗೆ? ಪಪ್ಪ ಇಲ್ಲದ ಮನೆಗೆ ಇದ್ದ ಒಂದೇ ಆಧಾರ ಮಾಮ. ಫ್ಯೂಸ್ ಹೋದರೆ ಮಾಮ, ಗ್ಯಾಸ್ ಮುಗಿದರೆ ಮಾಮ, ನನ್ನ ಕಾಲೇಜಿನಿಂದ ದೂರು ಬಂದರೂ ಮಾಮ. ಕಳ್ಳ ಎಂಬ ಒಂದು ಮಾತು ಬಾಯಿಂದ ಹೊರಟರೆ ಅವರು ಇನ್ನು ನಮ್ಮ ಹೊಸ್ತಿಲು ತುಳಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಶುಕ್ರವಾರ ಪಪ್ಪನ ಫೋನ್ ಬಂದಾಗ, ಮಮ್ಮಿ ಬಟ್ಟೆ ತೆಗೆಯಲು ಹೊರಗೆ ಹೋದದ್ದೇ ತಡ, ಇಡೀ ಕೇಸನ್ನು ಶೂ ಸಮೇತ ಒಪ್ಪಿಸಿದೆ.

ಪಪ್ಪ ಕೇಳಿದ್ದು ಒಂದೇ ಮಾತು: "ಮಾಮನ ಹತ್ತಿರ ಕೇಳಿದಿಯಾ?"

"ಕೇಳಿದರೆ ಹೌದು ಅಂತಾರಾ ಪಪ್ಪ?"

"ಮಮ್ಮಿಗೆ ಹೇಳಬೇಡ. ನಾನು ಮಾತಾಡ್ತೇನೆ."

ಭಾನುವಾರ ಮಾಮ ಬಂದರು. ಯಾವಾಗಲೂ ಬಾಗಿಲಲ್ಲೇ "ಎಂತ ಮಾರಾಯ, ಕಂಪ್ಯೂಟರ್ ಬದುಕಿ ಉಂಟಾ?" ಎನ್ನುವವರು ಅಂದು ನನ್ನನ್ನು ನೋಡಲೂ ಇಲ್ಲ. ಸೀದಾ ಮಮ್ಮಿಯ ಹತ್ತಿರ ಹೋದರು.

"ಅಕ್ಕಾ, ಶೋಕೇಸಿನ ಬೀಗದ ಕೈ ಕೊಡು."

"ಯಾಕೆ?"

"ಭಾವನ ಕಾರ್ಡ್ ನಾನು ತಿಂದಿದ್ದೇನಂತೆ. ಎಲ್ಲಿ ಉಂಟು ಅಂತ ತೋರಿಸುವ."

ಮಮ್ಮಿ ಬೀಗ ತೆಗೆದು ಬಾಕ್ಸನ್ನು ಎತ್ತಿಕೊಟ್ಟರು. ಮಾಮ ಅದನ್ನು ನನ್ನ ಕೈಗಿಟ್ಟರು. ಭಾರವಿತ್ತು. ಪ್ಲಾಸ್ಟಿಕ್ ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಆ ಶೋಕೇಸಿನಲ್ಲಿ ಖಾಲಿಯಲ್ಲದ ಬಾಕ್ಸ್ ಅದೊಂದೇ.

"ನಾನೇ ಹಾಕಬೇಡ ಅಂದದ್ದು," ಮಮ್ಮಿ ಹೇಳಿದರು. "ಅದಿಲ್ಲದೆಯೂ ಕಂಪ್ಯೂಟರ್ ನಡೀತದೆ ಅಂದಿದ್ದ ಅಲ್ವಾ ನಿನ್ನ ಮಾಮ. ಅಷ್ಟು ಚಂದದ ಪ್ಯಾಕಿಂಗ್. ಪಪ್ಪ ಬಂದ ಮೇಲೆ ಅವರ ಕೈಯಲ್ಲೇ ಒಡೆಸುವ ಅಂತ ಇಟ್ಟೆ." ಆಮೇಲೆ ನನ್ನ ಕಡೆ ತಿರುಗಿದರು. "ತಿಂದ ಅಂತ ಹೇಳಿದ್ದು ಯಾರು?"

ನಾನು ಬಾಕ್ಸನ್ನು ಮಾಮನ ಕೈಗೆ ವಾಪಸ್ ಕೊಟ್ಟೆ.

ಮಾಮ ಪ್ಲಾಸ್ಟಿಕ್ ಹರಿದರು. ತಮ್ಮದೇ ಸ್ಟಿಕರನ್ನು ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಕಾರ್ಡ್ ಕೂರಿಸಿ, ಮಾನಿಟರಿನ ವಯರನ್ನು ಅದಕ್ಕೆ ಬದಲಾಯಿಸಿ, "ಈಗ ಹಾಕು ನಿನ್ನ ಡ್ರೈವರ್" ಎಂದರು. ಒಂದೇ ಸಲಕ್ಕೆ ಕೂತಿತು. ಇನ್ನೂ ಏನೇನೋ ಟೈಪ್ ಮಾಡಿದ ಮೇಲೆ ಪರದೆ ನಾಲ್ಕು ಮುಖದ ಡಬ್ಬಿಯಾಗಿ ತಿರುಗಿತು. ನಾನು ಅದನ್ನು ಆ ಕಡೆ ಈ ಕಡೆ ತಿರುಗಿಸಿದೆ. ಆಹಾ ಅನ್ನುವವರು ಯಾರೂ ಇರಲಿಲ್ಲ. ಮಮ್ಮಿ ಖಾಲಿ ಬಾಕ್ಸನ್ನು ಸೆರಗಿನಿಂದ ಒರೆಸಿ ಮತ್ತೆ ಶೋಕೇಸಿಗೆ ಇಡುತ್ತಿದ್ದರು.

"ಊಟ ಮಾಡಿ ಹೋಗು," ಎಂದರು ತಮ್ಮನಿಗೆ.

"ಇವತ್ತು ಬೇಡ ಅಕ್ಕಾ."

ಹೊರಡುವ ಮೊದಲು ಮಾಮ ತಮ್ಮ ಟೂಲ್ ಬ್ಯಾಗಿನ ಜಿಪ್ ಎಳೆದು ಊಟದ ಮೇಜಿನ ಮೇಲೆ ಎಲ್ಲವನ್ನೂ ಸುರಿದರು. ಸ್ಕ್ರೂಡ್ರೈವರ್, ಟೆಸ್ಟರ್, ಇಕ್ಕಳ, ಟೇಪು, ಅರ್ಧ ಪ್ಯಾಕೆಟ್ ಬಿಸ್ಕತ್ತು.

"ಸರಿಯಾಗಿ ನೋಡಿಕೊಳ್ಳಿ ಸಾರ್, ಆಯ್ತಾ? ಆಮೇಲೆ ಪಪ್ಪನಿಗೆ ಫೋನ್ ಮಾಡುವುದು ಬೇಡ."

ನಾನು ಒಂದೊಂದನ್ನೇ ಎತ್ತಿ ಬ್ಯಾಗಿಗೆ ತುಂಬಿದೆ. ಕಾಪು ಪೇಟೆಯವರೆಗೂ ನಾನೇ ಅದನ್ನು ಹೊತ್ತುಕೊಂಡು ಅವರ ಹಿಂದೆ ನಡೆದೆ. ಬೆಳ್ಮಣ್ ಕಡೆಯಿಂದ ಹೋಗುವ ಕಾರ್ಕಳದ ಬಸ್ ಬಂತು. ಹತ್ತುವಾಗ ಅವರು ಬ್ಯಾಗಿಗೆ ಕೈ ಚಾಚಿದರು. ಆಗ ಅವರ ಶೂವನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಹೊಸದೇನಲ್ಲ, ಪಪ್ಪನದ್ದೇ ಹಳೆಯದು. ಪಾಲಿಶ್ ಹಾಕಿದ್ದರು, ಅಷ್ಟೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರ ಫ್ಯೂಸ್ ಹೋಯಿತು, ಬಂದರು. ಬಂದವರೇ ಬಾಗಿಲಲ್ಲಿ ನಿಂತು, ನಾನು ಕೇಳದಿದ್ದರೂ, ಬ್ಯಾಗಿನ ಜಿಪ್ ತೆರೆದು ನನ್ನ ಮುಂದೆ ಹಿಡಿದರು.