ಹೆಸರಪ್ಪನ ಮೂರನೇ ಮೇಜು

ಕಂಪನಿ ನೋಂದಣಿ ಕಚೇರಿಯ ಎರಡನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ಮೂರನೇ ಮೇಜಿನವರನ್ನು ಎಲ್ಲರೂ ಹೆಸರಪ್ಪ ಎಂದೇ ಕರೆಯುತ್ತಿದ್ದರು. ಅವರಿಗೆ ಬೇರೆ ಹೆಸರೊಂದು ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಹೊಸದಾಗಿ ಕಂಪನಿ ಕಟ್ಟುವವರು ಮೊದಲು ಹೆಸರು ಕಾಯ್ದಿರಿಸಬೇಕು. ಆ ಅರ್ಜಿಗಳೆಲ್ಲ ಹೆಸರಪ್ಪನವರ ಮೇಜಿಗೆ ಬರುತ್ತಿದ್ದವು. ಅದೇ ಹೆಸರೋ, ಅದನ್ನು ಹೋಲುವ ಹೆಸರೋ ಬೇರೆಯವರಿಗೆ ಆಗಲೇ ಕೊಟ್ಟಿದೆಯೇ ಎಂದು ಅವರು ಹುಡುಕುತ್ತಿದ್ದರು. ಸಾಮಾನ್ಯವಾಗಿ ಕೊಟ್ಟಿರುತ್ತಿತ್ತು. ಆಗ ಆಗುವುದಿಲ್ಲ ಎಂದು ಪತ್ರ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವರು ಮಾಡಿಕೊಂಡು ಬಂದ ಕೆಲಸ ಇಷ್ಟೇ.

ಕಂಪ್ಯೂಟರ್ ಬಂದ ಮೇಲೂ ಅವರು ಮೊದಲು ತಲೆಯೊಳಗೇ ಹುಡುಕುತ್ತಿದ್ದರು. ಯಾರಾದರೂ ಹಳೇ ಹೆಸರಿನ ಮೊದಲಿಗೆ ‘ನವ’ ಸೇರಿಸಿ, ಕೊನೆಗೆ ‘ಬಂಧು’ ಸೇರಿಸಿ ಕಣ್ಣಿಗೆ ಮಣ್ಣೆರಚಲು ನೋಡಿದರೆ ಓದುತ್ತಿದ್ದಂತೆ ಗೊತ್ತಾಗಿಬಿಡುತ್ತಿತ್ತು. ಸಿಟ್ಟೇನೂ ಮಾಡಿಕೊಳ್ಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಅಷ್ಟೇ.

ಈ ಅಭ್ಯಾಸ ಮನೆಗೂ ಬಂದಿತ್ತು. ಮಗಳು ಹುಟ್ಟಿದಾಗ ಹೆಂಡತಿ ಯಾವ ಹೆಸರು ಹೇಳಿದರೂ ಅದು ಆಗಲೇ ಯಾರಿಗಿದೆ ಎಂದು ತಿಳಿಸುತ್ತಿದ್ದರು. ಹನ್ನೊಂದು ತಿಂಗಳು ಮಗು ‘ಪಾಪು’ ಆಗಿಯೇ ಉಳಿಯಿತು. ಕೊನೆಗೆ ಹೆಂಡತಿ, ಗಂಡ ಕಚೇರಿಗೆ ಹೋದ ಹೊತ್ತು ನೋಡಿ, ಜನನ ಪತ್ರದಲ್ಲಿ ತನಗೆ ಬೇಕಾದ ಹೆಸರು ಬರೆಸಿಕೊಂಡು ಬಂದರು. ಸಂಜೆ ವಿಷಯ ತಿಳಿದ ಹೆಸರಪ್ಪ ತಲೆಯೊಳಗೆ ಹುಡುಕಿ, “ಹಿಂದಿನ ಬೀದಿ ಟೈಲರನ ಅತ್ತಿಗೆಗೂ ಇದೇ ಹೆಸರು” ಎಂದರು.

“ಇರ್ಲಿ ಬಿಡಿ. ಅವರೇನು ಕೇಸ್ ಹಾಕಲ್ಲ” ಎಂದರು ಹೆಂಡತಿ.

ಇಂಥವರ ಮೇಜಿಗೆ ಒಂದು ವರ್ಷ, ಬೇಸಿಗೆಯ ಶುರುವಿನಲ್ಲಿ, ನೀರಿನ ಟ್ಯಾಂಕ್ ತೊಳೆಯುವ ಹೆಂಗಸೊಬ್ಬಳ ಅರ್ಜಿ ಬಂತು. ಕೇಳಿದ ಹೆಸರು ‘ಶುದ್ಧ ಜಲ’. ಆ ಹೆಸರಿನ ಹಿಂದೆ ಮುಂದೆ ಹನ್ನೊಂದು ಕಂಪನಿಗಳಿದ್ದವು. ಆಗುವುದಿಲ್ಲ ಎಂದು ಬರೆದರು. ವಾರದಲ್ಲಿ ‘ನಿರ್ಮಲ ನೀರು’ ಬಂತು. ಅದೂ ಆಗಲಿಲ್ಲ, ಆ ಹೆಸರಿನವರು ಸೋಪು ಮಾಡುತ್ತಿದ್ದರು. ಮೂರನೆಯದು ‘ರಾಷ್ಟ್ರೀಯ ಟ್ಯಾಂಕ್ ಸಂಸ್ಥೆ’. ಕೇಳಿದವರು ಇದನ್ನು ಸರ್ಕಾರದ್ದೇ ಎಂದುಕೊಳ್ಳುವ ಸಂಭವವಿದೆ ಎಂದು ಬರೆದರು.

ನಾಲ್ಕನೇ ಸಲ ಅರ್ಜಿ ಬರಲಿಲ್ಲ. ಅವಳೇ ಬಂದಳು.

ಐವತ್ತರ ಹತ್ತಿರದ, ಗುಬ್ಬಚ್ಚಿಯಂಥ ಹೆಂಗಸು. ಹಿಂದೆ ಅವಳ ನಾದಿನಿ. ಆಕೆ ಬಾಗಿಲ ತುಂಬ ನಿಂತಿದ್ದಳು. ಇಬ್ಬರ ಕೈಯಲ್ಲೂ ರಬ್ಬರ್ ಬೂಟು.

“ಬೇಡ ಬೇಡ ಅಂತ ಬರೆಯೋರು ನೀವೇನಾ ಸಾರ್?”

“ನಾನೇ” ಎಂದರು ಹೆಸರಪ್ಪ. ಇಪ್ಪತ್ತೆರಡು ವರ್ಷದಲ್ಲಿ ಅರ್ಜಿದಾರರು ಎದುರಿಗೆ ಬಂದು ನಿಂತಿದ್ದು ಇದೇ ಮೊದಲು. ಅರ್ಜಿಯ ಹಿಂದೆ ಮನುಷ್ಯರಿರುತ್ತಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಅದನ್ನು ಯೋಚಿಸುವ ಸಂದರ್ಭ ಬಂದಿರಲಿಲ್ಲ.

“ಯಾವುದು ಬೇಡ ಅಂತ ಬರೀತೀರಲ್ಲ, ಯಾವುದು ಆಗುತ್ತೆ ಅಂತ ಒಂದು ಮಾತು ಹೇಳಬಾರದಾ?”

“ಹೆಸರು ಸೂಚಿಸೋ ಹಾಗಿಲ್ಲಮ್ಮ. ನಿಯಮ ಇದೆ.”

“ದೊಡ್ಡ ವಸತಿ ಕಟ್ಟಡದವರು ಹದಿನಾಲ್ಕು ಟ್ಯಾಂಕ್ ಕೊಡ್ತೀವಿ ಅಂದಿದ್ದಾರೆ. ಕಂಪನಿ ಆಗಿದ್ರೆ ಮಾತ್ರ ಅಂತೆ. ಶುಕ್ರವಾರ ಕೊನೆ.”

“ನಿಯಮ ಇದೆಯಮ್ಮ.”

ಅವಳು ಜಗಳವಾಡಲಿಲ್ಲ. ಕಾರಿಡಾರಿನ ನಲ್ಲಿಯ ಹತ್ತಿರ ಹೋಗಿ ಲೋಟಕ್ಕೆ ನೀರು ಹಿಡಿದಳು, ಮೂಸಿದಳು, ಚೆಲ್ಲಿದಳು. ಕಾವಲುಗಾರನನ್ನು ಕೇಳಿ ನಾದಿನಿಯೊಡನೆ ತಾರಸಿ ಹತ್ತಿದಳು. ಕಾಲು ಗಂಟೆಯಲ್ಲಿ ಇಳಿದು ಬಂದಳು.

“ನಿಮ್ಮ ಟ್ಯಾಂಕಲ್ಲಿ ಒಂದು ಚಪ್ಪಲಿ ಇದೆ ಸಾರ್. ಎಡಗಾಲಿಂದು” ಎಂದಳು. ಬೆದರಿಸುವ ದನಿಯಲ್ಲ, ಡಾಕ್ಟರು ರಿಪೋರ್ಟ್ ಓದುವ ದನಿ. “ಸುಮಾರು ವರ್ಷದ್ದು. ಪಾಚಿ ಕಟ್ಟಿದೆ.”

ನಾದಿನಿ ಹೌದೆಂದು ತಲೆಯಾಡಿಸಿದಳು. ಇಬ್ಬರೂ ಹೊರಟುಹೋದರು.

ಸುದ್ದಿ ಮೂರು ಮಹಡಿಗೂ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಆವತ್ತು ಮಧ್ಯಾಹ್ನ ಯಾರೂ ನಲ್ಲಿಯ ಕಡೆ ಸುಳಿಯಲಿಲ್ಲ. ಲೆಕ್ಕ ವಿಭಾಗದ ಗುಮಾಸ್ತರು ಆ ನೀರಿನಿಂದ ಆರೋಗ್ಯ ಕೆಟ್ಟಿದೆಯೆಂದು ಬರೆದು ರಜೆ ಹಾಕಿದರು. ಅವರು ಆ ಕಚೇರಿಗೆ ಸೇರಿ ಮೂರೇ ದಿನವಾಗಿತ್ತು. ಮರುದಿನ ಎಲ್ಲರೂ ಮನೆಯಿಂದ ಬಾಟಲಿ ತಂದರು. ಹನ್ನೆರಡಕ್ಕೆಲ್ಲ ಬಾಟಲಿ ಖಾಲಿಯಾಗಿ, ಗಂಟಲು ಒಣಗಿ, ಒಬ್ಬರ ಬಾಟಲಿ ಮೇಲೆ ಇನ್ನೊಬ್ಬರ ಕಣ್ಣು ಬಿತ್ತು.

ಆಗ ದೊಡ್ಡ ಸಾಹೇಬರು ಕೋಣೆಯಿಂದ ಹೊರಗೆ ಬಂದರು.

“ಆ ಹೆಂಗಸಿಗೇ ಹೇಳಿ ತೊಳೆಸಿಬಿಡ್ರಿ. ಇದರಲ್ಲಿ ಯೋಚನೆ ಮಾಡೋದೇನಿದೆ?”

“ನೋಂದಣಿ ಆದ ಕಂಪನಿಗೆ ಮಾತ್ರ ಕೆಲಸ ಕೊಡಬಹುದು ಸಾರ್. ನಮ್ಮದೇ ಸುತ್ತೋಲೆ” ಎಂದರು ವ್ಯವಸ್ಥಾಪಕರು.

“ಆಕೆ ನೋಂದಣಿ ಮಾಡಿಸಿಲ್ವಾ?”

“ಹೆಸರು ಸಿಕ್ಕಿಲ್ಲ ಸಾರ್.”

“ಯಾಕೆ ಸಿಕ್ಕಿಲ್ಲ?”

ಎಲ್ಲರೂ ಮೂರನೇ ಮೇಜಿನ ಕಡೆ ನೋಡಿದರು. ಹೆಸರಪ್ಪ ಪೆನ್ನಿನ ಮುಚ್ಚಳ ಹಾಕಿದರು.

ಬೇರೆ ಕಂಪನಿಯನ್ನು ಕರೆಸಬಹುದಿತ್ತು, ಕರೆಸಿದರು ಕೂಡ. ಅವರ ಆಳು ಏಣಿ ಹತ್ತಿ, ಮೇಲಿನಿಂದಲೇ ಎರಡು ಡಬ್ಬಿ ಪುಡಿ ಸುರಿದು, ಕೋಲಲ್ಲಿ ತಿರುವಿ, ಸಹಿ ಮಾಡಿಸಿಕೊಂಡು ಹೋದ. ಚಪ್ಪಲಿಯ ವಿಷಯ ಕೇಳಿದ್ದಕ್ಕೆ, ಅದು ಒಪ್ಪಂದದಲ್ಲಿಲ್ಲ ಎಂದ.

ಆ ಸಂಜೆ ಹೆಸರಪ್ಪನವರಿಗೆ ಊಟ ಸೇರಲಿಲ್ಲ. ಯಾಕೆಂದು ಹೆಂಡತಿ ಕೇಳಿದ್ದಕ್ಕೆ ಚಪ್ಪಲಿಯ ಕಥೆ ಹೇಳಿದರು. ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು, “ಇಪ್ಪತ್ತೆರಡು ವರ್ಷ ಅದೇ ನೀರು ಕುಡಿದಿದ್ದೀರಿ. ಏನೂ ಆಗಿಲ್ಲ. ಆ ಹೆಂಗಸು ನಿಮಗೋಸ್ಕರ ಮೇಲೆ ಹತ್ತಿ ನೋಡಿದಳಲ್ಲ, ನೀವು ಅವಳಿಗೋಸ್ಕರ ಏನು ನೋಡಿದ್ರಿ?” ಎಂದರು. ನಿಯಮ ಇದೆ ಎನ್ನಲು ಬಾಯಿ ತೆರೆದ ಹೆಸರಪ್ಪ ಹಾಗೇ ಮುಚ್ಚಿದರು.

ಬೆಳಗ್ಗೆ ಕಚೇರಿಗೆ ಹೋದವರೇ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಒಂದು ಗಂಟೆಯಲ್ಲಿ ಇಬ್ಬರೂ ಬಂದರು. ಕೂರಲು ಹೇಳಿದರು. ಕೂರಲು ಏನೂ ಇರಲಿಲ್ಲ; ಫೈಲಿನ ಪೆಟ್ಟಿಗೆಗಳನ್ನೇ ಎಳೆದುಕೊಟ್ಟರು. ನಾದಿನಿ ನಿಂತೇ ಇರುತ್ತೇನೆಂದಳು.

“ನೀವು ಏನು ಕೆಲಸ ಮಾಡ್ತೀರಿ, ಹೇಳಿ.”

“ಅರ್ಜೀಲಿ ಬರೆದಿದ್ದೀನಲ್ಲ ಸಾರ್.”

“ಬಾಯಲ್ಲಿ ಹೇಳಿ.”

ಅವಳು ನಾದಿನಿಯ ಮುಖ ನೋಡಿದಳು. ಆಮೇಲೆ ಶುರು ಮಾಡಿದಳು. “ಬೇರೆಯವರು ಮೇಲಿಂದ ಪುಡಿ ಹಾಕಿ ಹೋಗ್ತಾರೆ, ನೀವೇ ನೋಡಿದ್ರಂತಲ್ಲ. ನಾನೂ ಅಂಥ ಕಂಪನೀಲೇ ಏಳು ವರ್ಷ ದುಡಿದೆ. ಒಂದು ಶಾಲೇಲಿ ಟ್ಯಾಂಕಿಗೆ ಪುಡಿ ಹಾಕಿ ಇಳೀತಿದ್ದೆ, ಕೆಳಗೆ ಮಕ್ಕಳು ಬೊಗಸೆ ಒಡ್ಡಿ ಕುಡೀತಾ ಇದ್ವು. ಆ ಸಂಜೆನೇ ಕೆಲಸ ಬಿಟ್ಟೆ. ನಾವು ನೀರೆಲ್ಲ ಖಾಲಿ ಮಾಡ್ತೀವಿ. ಗಾಳಿ ಬಿಡ್ತೀವಿ. ನಾನು ಸಣ್ಣಗಿದ್ದೀನಿ, ಎಂಥ ಟ್ಯಾಂಕಿನ ಬಾಯಲ್ಲೂ ತೂರ್ತೀನಿ. ಇವಳು ಮೇಲೆ ಹಗ್ಗ ಹಿಡ್ಕೊಂಡು ಕೂತಿರ್ತಾಳೆ. ಇವಳು ಕೂತ್ರೆ ಜಪ್ಪಯ್ಯ ಅಂದ್ರೂ ಕದಲಲ್ಲ. ಮೂಲೆ ಮೂಲೆ ಉಜ್ಜಿ, ಬಟ್ಟೇಲಿ ಒರೆಸಿ, ಆಮೇಲೆ ಮೇಲಕ್ಕೆ ಬರೋದು. ಏನು ಹೇಳ್ಲಿ ಸಾರ್, ನಾವು ಇಳಿದು ತೊಳೆಯೋರು.”

ಹೆಸರಪ್ಪ ಕಂಪ್ಯೂಟರಿನ ಕಡೆ ತಿರುಗಿ ಏನೋ ಬರೆದರು. ಪರದೆ ಖಾಲಿ ಬಂತು. ಕೆಟ್ಟಿರಬೇಕೆಂದು ಆರಿಸಿ, ಮತ್ತೆ ಹಚ್ಚಿ, ಮತ್ತೆ ಬರೆದರು. ಮತ್ತೆ ಖಾಲಿ. ತಲೆಯೊಳಗೆ ಹುಡುಕಿದರು. ಅಲ್ಲೂ ಇರಲಿಲ್ಲ. ಅಂಥ ಖಾಲಿ ಪರದೆಯನ್ನು ಅವರು ತಮ್ಮ ಕೆಲಸದಲ್ಲಿ ಕಂಡದ್ದನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚಾಗುತ್ತಿತ್ತು.

“ಹೊಸ ಅರ್ಜಿ ತಗೊಳ್ಳಿ. ಈಗ ಕೊನೇಲಿ ಏನಂದ್ರಿ, ಅದನ್ನ ಬರೀರಿ.”

“ಏನಂದೆ?”

“ಇಳಿದು ತೊಳೆಯುವವರು.”

“ನೀವು ಹೆಸರು ಹೇಳೋ ಹಾಗಿಲ್ಲ ಅಂದ್ರಿ!”

“ನಾನು ಹೇಳಲಿಲ್ಲ. ನೀವು ಹೇಳಿದ್ರಿ, ನಾನು ಕೇಳಿಸ್ಕೊಂಡೆ.”

ಅರ್ಜಿ ಸಾಹೇಬರ ಮೇಜಿಗೆ ಹೋಯಿತು, ಅಲ್ಲಿ ಸಿಕ್ಕಿಕೊಂಡಿತು. ಬರೀ ಕಸುಬನ್ನಷ್ಟೇ ಹೇಳುವ ಹೆಸರು ಯಾರಿಗೂ ಕೊಡುವಂತಿಲ್ಲ ಎಂದು ಸಾಹೇಬರು ಅಂಚಿನಲ್ಲಿ ಬರೆದರು. ಹೆಸರಪ್ಪ ವಾಪಸ್ ಬಂದ ಕಾಗದ ಎರಡು ಸಲ ಓದಿದರು. ಆಮೇಲೆ ಕೂತು ಮೂರು ಪುಟದ ಟಿಪ್ಪಣಿ ಬರೆದರು. ಟ್ಯಾಂಕ್ ತೊಳೆಯುವುದು ಕಸುಬು, ಇಳಿಯುವುದು ಕಸುಬಲ್ಲ, ಯಾಕೆಂದರೆ ಆ ಕಸುಬಿನ ಬೇರೆ ಯಾರೂ ಇಳಿಯುವುದಿಲ್ಲ, ಇದಕ್ಕೆ ಸಾಕ್ಷಿ ನಮ್ಮ ಕಟ್ಟಡದ ಮೇಲೆಯೇ ಇದೆ, ಪರಿಶೀಲಿಸಬಹುದು.

ಸಾಹೇಬರು ಟಿಪ್ಪಣಿ ಹಿಡಿದು ತಾವೇ ಎದ್ದು ಬಂದರು.

“ಇಷ್ಟು ವರ್ಷ ಬೇಡ ಅನ್ನೋಕೆ ಎರಡು ಸಾಲು ಬರೆದಿದ್ದೀರಿ. ಬೇಕು ಅನ್ನೋಕೆ ಮೂರು ಪುಟ ಬರೆದಿದ್ದೀರಲ್ಲ. ಮೈ ಹುಷಾರಾಗಿದೆಯಾ?”

“ನೀರು ಕುಡಿದು ಎರಡು ದಿನ ಆಯ್ತು ಸಾರ್.”

ಸಾಹೇಬರು ನಿಂತಲ್ಲೇ ಸಹಿ ಹಾಕಿದರು.

ಹೆಸರು ಇಪ್ಪತ್ತು ದಿನಕ್ಕೆ ಕಾಯ್ದಿರಿಸಿದೆ, ಅಷ್ಟರೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಪತ್ರ ಹೋಯಿತು. ಶುಕ್ರವಾರ ಮಾತ್ರ ಕಳೆದುಹೋಗಿತ್ತು. ವಸತಿ ಕಟ್ಟಡದ ಹದಿನಾಲ್ಕು ಟ್ಯಾಂಕ್ ಪುಡಿ ಹಾಕುವವರ ಪಾಲಾಯಿತು. ಹೆಸರಪ್ಪ ಅದಕ್ಕೆ ಕ್ಷಮೆ ಕೇಳಿದರು. ನೇರವಾಗಿ ಕೇಳಲು ಬಾರದೆ, “ಮೊದಲನೇ ಅರ್ಜೀಲೇ ಕರೆದಿದ್ರೆ ಆಗ್ತಿತ್ತು” ಎಂದರು. “ಆಗ್ತಿತ್ತು” ಎಂದಳು ಅವಳು. ಅದಕ್ಕಿಂತ ಹೆಚ್ಚು ಆ ವಿಷಯ ಯಾರೂ ಮಾತಾಡಲಿಲ್ಲ.

ಹತ್ತೊಂಬತ್ತನೇ ದಿನ ಕಂಪನಿ ನೋಂದಣಿಯಾಯಿತು. ತಡವಾದದ್ದು ನಿರ್ದೇಶಕರ ಪಟ್ಟಿಯಲ್ಲಿ ಮೊದಲು ಯಾರಿರಬೇಕೆಂಬ ಮಾತಿಗೆ: ಅವಳು ನಾದಿನಿಯ ಹೆಸರನ್ನೇ ಮುಂದೆ ಹಾಕಬೇಕು ಎಂದರೆ, ನಾದಿನಿ ಹಗ್ಗ ಹಿಡಿಯುವವಳು ಹಿಂದೆಯೇ ಇರಬೇಕು ಎಂದು ಹಟ ಹಿಡಿದಿದ್ದಳು. ಅವರ ಮೊದಲ ಕೆಲಸ ನೋಂದಣಿ ಕಚೇರಿಯ ಟ್ಯಾಂಕೇ. ಚಪ್ಪಲಿ ಹೊರಗೆ ಬಂತು. ವಾರಸುದಾರರು ಬಂದು ತೆಗೆದುಕೊಳ್ಳಬೇಕೆಂದು ಚೀಟಿ ಅಂಟಿಸಿ ಅದನ್ನು ಒಂದು ವಾರ ಬಾಗಿಲಲ್ಲಿ ಇಟ್ಟಿದ್ದರು. ಯಾರೂ ಬರಲಿಲ್ಲ.

ಹೆಸರಪ್ಪನವರ ಸೇವೆ ಇನ್ನೂ ನಾಲ್ಕು ವರ್ಷ ಉಳಿದಿತ್ತು. ಅಷ್ಟು ದಿನವೂ ಅವರು ಆಗುವುದಿಲ್ಲ ಎಂದೇ ಬರೆದರು. ಆಗದ ಹೆಸರುಗಳೇ ಹೆಚ್ಚು ಬರುತ್ತಿದ್ದವು. ಆದರೆ ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿತ್ತು: ‘ಬಂದು ಮಾತಾಡಿ.’ ಇದು ಯಾವ ನಿಯಮದಲ್ಲಿದೆ ಎಂದು ಸಾಹೇಬರು ಕೇಳಿದ್ದಕ್ಕೆ, ಯಾವುದರಲ್ಲೂ ಬೇಡ ಅಂದಿಲ್ಲ ಸಾರ್, ಎಲ್ಲ ಓದಿ ನೋಡಿದ್ದೇನೆ ಎಂದರು. ಜನ ಬರತೊಡಗಿದರು. ಪೆಟ್ಟಿಗೆಗಳು ಹೋಗಿ ಬೆಂಚು ಬಂತು. ತಮ್ಮ ಕೆಲಸವೇನೆಂದು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅರ್ಧದಷ್ಟು ಮಂದಿಗೆ ಹೆಸರು ಸಿಗುತ್ತಿತ್ತು. ಒಬ್ಬ ಬಾಗಿಲು, ಕಿಟಕಿ ಮಾರುವ ಯೋಚನೆಯಲ್ಲಿದ್ದವನು ಬಂದು ಎರಡು ಗಂಟೆ ಮಾತಾಡಿದ. ಅಣ್ಣನ ಜೊತೆ ಯಾಕೆ ಜಗಳವಾಯಿತು, ಬೇರೆ ಕಂಪನಿ ಯಾಕೆ ಬೇಕಾಯಿತು, ಎಲ್ಲ ಹೇಳಿಕೊಂಡ. ಹೆಸರಪ್ಪ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಗೆ ಅವನೇ ಎದ್ದು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡ.

“ಬೇಡ ಬಿಡಿ ಸಾರ್. ಅಣ್ಣನ ಮನೆಗೇ ಹೋಗ್ತೀನಿ.”

“ಆಗಲಿ” ಎಂದರು ಹೆಸರಪ್ಪ.