ಸಪ್ಪೆ ಸಾರಿನ ಹರಕೆ

ಆ ದಿನ ಬೀದಿ ನಲ್ಲಿಯಿಂದ ಆರು ಕೊಡ ನೀರು ತಂದೆ, ಅಕ್ಕಿ ಆರಿಸಿದೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ, ಎಲ್ಲರಿಗೂ ಕಾಫಿ ಕೊಟ್ಟೆ. ನಾದಿನಿಗೆ ಬೆಳಗಿನ ಮಾತ್ರೆ ಮಾತ್ರ ಕೊಡಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಅರ್ಧ ಸೈಟುಗಳು ಇನ್ನೂ ಖಾಲಿ. ಹಿಂದಿನ ವರ್ಷ ನಾದಿನಿ ವಾರಗಟ್ಟಲೆ ನಿದ್ದೆಯಿಲ್ಲದೆ ಹಾಡುತ್ತ, ಕಂಡವರಿಗೆಲ್ಲ ತನ್ನ ಸೀರೆ ಹಂಚುತ್ತ ಇದ್ದು, ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಆಸ್ಪತ್ರೆಯವರು ಆಗ ಹೊಸದಾಗಿದ್ದ ಲಿಥಿಯಂ ಮಾತ್ರೆ ಕೊಟ್ಟ ಮೇಲೆ ಮತ್ತೆ ರವಿಕೆ ಹೊಲಿಯುವಷ್ಟು ಸುಧಾರಿಸಿದ್ದಳು.

"ನೀರು, ಉಪ್ಪು ಎಂದಿನ ಹಾಗೇ ಇರಲಿ. ಕೈ ನಡುಗಿದ್ರೆ, ವಾಂತಿಯಾದ್ರೆ ಮಾತ್ರೆ ಕೊಡ್ಬೇಡಿ, ತಕ್ಷಣ ಕರ್ಕೊಂಡು ಬನ್ನಿ," ಎಂದು ನರ್ಸಮ್ಮ ನನಗೆ ಎರಡೆರಡು ಸಲ ಹೇಳಿದ್ದರು. ಅದನ್ನು ಅತ್ತೆಗೂ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅಂದು ಅವಳ ಕಾಫಿ ಮಡಿಲ ಮೇಲೆ ಚೆಲ್ಲಿತು.

"ಏನೇ, ಲೋಟಕ್ಕೆ ಕೋಲಾಟ ಕಲಿಸ್ತಿದೀಯಾ?"

"ನಾನಲ್ಲ ಅತ್ತಿಗೆ, ಕೈ ತಾನೇ ಆಡ್ತಾ ಇದೆ. ಬೆಳಿಗ್ಗೆ ವಾಂತೀನೂ ಆಯ್ತು."

ನಾಲ್ಕು ದಿನದಿಂದ ಅತ್ತೆ ಅವಳ ಸಾರನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದರು. ಖಾರ ಕಡಿಮೆ ಇರಲೆಂದು ಅಂದುಕೊಂಡಿದ್ದೆ. ಈಗ ತಳದಲ್ಲಿ ಉಳಿದಿದ್ದನ್ನು ನಾಲಿಗೆಗಿಟ್ಟು ನೋಡಿದೆ. ಉಪ್ಪೇ ಇಲ್ಲ.

"ಹುಷಾರಾದ್ಳಲ್ಲ ಕಣೇ. ಒಂಬತ್ತು ದಿನ ಸಪ್ಪೆ ಉಣ್ಣಿಸ್ತೀನಿ ಅಂತ ಮನೆದೇವರಿಗೆ ಹರಕೆ ಹೊತ್ತಿದ್ದೆ," ಎಂದರು ಅತ್ತೆ.

ಜಟಕಾ ಮಾಡಿಕೊಂಡು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಮಾತ್ರೆ ನಿಲ್ಲಿಸಿ, ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡರು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ನರ್ಸಮ್ಮ ಅತ್ತೆಯ ಪಕ್ಕ ಕೂತು, "ಮೈಯಲ್ಲಿ ಉಪ್ಪು ಕಡಿಮೆಯಾದ್ರೆ ಈ ಔಷಧಿ ಹೊರಗೆ ಹೋಗದೆ ಒಳಗೇ ತುಂಬ್ಕೊಳ್ಳತ್ತೆ ಅಮ್ಮಾ. ಅದಕ್ಕೇ ಈ ನಡುಕ," ಎಂದು ಬಿಡಿಸಿ ಹೇಳಿದರು.

ಅತ್ತೆ ಬೆರಳು ಮಡಿಸಿ ದಿನ ಎಣಿಸಿದರು. "ಹರಕೆ ಹೊತ್ತವಳು ನಾನು. ಉಳಿದ ಐದು ದಿನ ನಾನೇ ಉಣ್ತೀನಿ. ಯಾರ ಬಾಯಿ ಅಂತ ದೇವರು ಇಣುಕಿ ನೋಡ್ತಾನಾ?"

"ಉಪ್ಪಿಲ್ದಿದ್ರೆ ನಿನ್ನ ಬಾಯಿ ಸುಮ್ನಿರತ್ತಾ ಅಮ್ಮಾ?" ಎಂದಳು ನಾದಿನಿ, ಮಲಗಿದ್ದಲ್ಲಿಂದಲೇ. ಆ ಕೀಟಲೆ ಕೇಳಿ ನನ್ನ ಜೀವ ಹಗುರಾಯಿತು.

ರಾತ್ರಿ ಮನೆಯಲ್ಲಿ ಅನ್ನ, ಬೇಳೆ ಸಾರು, ಸುಟ್ಟ ಹಪ್ಪಳ. ನಾದಿನಿ ಸಾರನ್ನು ಎರಡನೆಯ ಸಲವೂ ಹಾಕಿಸಿಕೊಂಡಳು. ಕೈ ಇನ್ನೂ ತುಸು ನಡುಗುತ್ತಿತ್ತು. ಅತ್ತೆ ಸಪ್ಪೆ ಹಾಲನ್ನ ಉಂಡು, ಮಗಳನ್ನು ಕಾಯುತ್ತೇನೆಂದು ಹಾಸಿಗೆಯ ಪಕ್ಕ ಕೂತವರು ನಮ್ಮೆಲ್ಲರಿಗಿಂತ ಮೊದಲು ನಿದ್ದೆಹೋದರು. ಅವರಿಗೆ ಹೊದಿಸಿದವಳು ನಾದಿನಿಯೇ.